‘ಗಾಡಿ ಮ್ಯಾಲ ಇದ್ದ’ ಅಂದರೆ ಕೆಲಸಗಾರನೋ, ಪ್ರಯಾಣಿಕನೋ? ಪರಿಹಾರದ ಕೇಸಿನಲ್ಲಿ ಹಳೆಯ ಸಾಕ್ಷ್ಯ ಮಾಡುವ ಕೆಲಸ

ಬಸವಕಲ್ಯಾಣದ ಆಟೋನಗರದಲ್ಲೋ, ಹುಮನಾಬಾದಿನಲ್ಲಿ ಲಾರಿಗಳು ನಿಲ್ಲುವ ಜಾಗದಲ್ಲೋ ‘ಅವ ಗಾಡಿ ಮ್ಯಾಲ ಇದ್ದಾನ’ ಅಂದರೆ ಯಾರೂ ಅರ್ಥ ಕೇಳುವುದಿಲ್ಲ. ಆತ ಆ ಲಾರಿಯ ಡ್ರೈವರ್ ಇರಬೇಕು, ಇಲ್ಲಾ ಕ್ಲೀನರ್ ಇರಬೇಕು. ಅದು ಅವನ ನೌಕರಿ. ದಖನಿಯಲ್ಲಿ ‘ಗಾಡಿ ಪೆ ಹೈ’ ಅನ್ನುವುದೂ ಇದನ್ನೇ. ಆದರೆ ಇದೇ ಮಾತು ಕೋರ್ಟಿನ ಕಡತಕ್ಕೆ ‘ಸದರಿ ವಾಹನದಲ್ಲಿ ಕುಳಿತಿದ್ದನು’ ಎಂದು ಇಳಿದರೆ ನೌಕರಿ ಮಾಯವಾಗುತ್ತದೆ, ಬರೀ ಸವಾರಿ ಉಳಿಯುತ್ತದೆ. ಮುಂದೊಂದು ದಿನ ಸತ್ತವನ ಹೆಂಡತಿ ಪರಿಹಾರ ಕೇಳಿ ಇನ್ನೊಂದು ಕೋರ್ಟಿಗೆ ಹೋದಾಗ ವಿಮಾ ಕಂಪನಿಯ ವಕೀಲರು ಆ ಹಾಳೆಯನ್ನು ಹೊರಗೆ ತೆಗೆಯುತ್ತಾರೆ. ‘ಹಿಂದಿನ ಕೇಸಿನಲ್ಲಿ ಹೀಗೆ ಹೇಳಿದ್ದೀರಿ, ಈಗ ಹಾಗೆ ಹೇಳುತ್ತೀರಿ. ಹಾಗಾದರೆ ನೀವು ಸುಳ್ಳು ಹೇಳುತ್ತಿದ್ದೀರಿ ಎಂದರೆ ಸರಿಯೇ?’

ಹಿಂದಿನ ವಿಚಾರಣೆಯ ಸಾಕ್ಷ್ಯ ತೋರಿಸಿ ಈಗಿನ ಸಾಕ್ಷಿಯ ನಂಬಿಕೆ ಮುರಿಯುವುದು ಕಾನೂನುಬದ್ಧವಾದ, ಅಗತ್ಯವಾದ ಅಸ್ತ್ರ. ಅದು ಬೇಡ ಅಂತ ನಾನು ವಾದಿಸುತ್ತಿಲ್ಲ. ಆದರೆ ಅದನ್ನು ಬಳಸಲು ಕಾನೂನೇ ಹಾಕಿರುವ ಕಟ್ಟಳೆಗಳಿವೆ. ಕಾರ್ಮಿಕರ ಪರಿಹಾರದ ಕೇಸುಗಳಲ್ಲಿ ಈ ಕಟ್ಟಳೆ ಸಡಿಲವಾದರೆ ಬೀಳುವುದು ಒಂದು ಕುಟುಂಬ. ಅಸ್ತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪು ದಾರಿ ಹಿಡಿಯುತ್ತದೆ, ನಿಮ್ಮ ಮನೆಯವರೋ ಗೆಳೆಯರೋ ಸಾಕ್ಷಿಕಟ್ಟೆ ಹತ್ತಬೇಕಾದರೆ ಏನು ಗೊತ್ತಿರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು ಅಪಘಾತ, ಎರಡು ಕೋರ್ಟು

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಮನಾಬಾದಿನಿಂದ ತೊಗರಿ ಚೀಲ ತುಂಬಿಕೊಂಡು ಹೊರಟ ಲಾರಿ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪಲ್ಟಿಯಾಗುತ್ತದೆ. 30 ವರ್ಷದ ಕ್ಲೀನರ್ ಸಾಯುತ್ತಾನೆ. ಜೊತೆಗಿದ್ದ ಹಮಾಲಿ ಬದುಕುತ್ತಾನೆ.

ಪೊಲೀಸರು ಡ್ರೈವರ್ ಮೇಲೆ ಕೇಸು ಹಾಕುತ್ತಾರೆ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 304ಎ, ಈಗ ಭಾರತೀಯ ನ್ಯಾಯ ಸಂಹಿತೆಯ 106(1). ಅದು ನಡೆಯುವುದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಅಲ್ಲಿನ ಪ್ರಶ್ನೆ ಒಂದೇ: ಡ್ರೈವರ್ ನಿರ್ಲಕ್ಷ್ಯದಿಂದ ಓಡಿಸಿದನೇ?

ಸತ್ತವನ ಹೆಂಡತಿ ಬೇರೆ ಅರ್ಜಿ ಹಾಕುತ್ತಾಳೆ. ಇದು 1923ರ ಕಾಯ್ದೆ. ಮೊದಲು ಕಾರ್ಮಿಕರ ಪರಿಹಾರ ಕಾಯ್ದೆ ಎನ್ನುತ್ತಿದ್ದರು, 2009ರ ತಿದ್ದುಪಡಿಯ ನಂತರ ಉದ್ಯೋಗಿಗಳ ಪರಿಹಾರ ಕಾಯ್ದೆ ಆಯಿತು. ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಇದರ ಕಮಿಷನರ್ ಆಗಿರುತ್ತಿದ್ದರು. ನಂತರ ಆ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಯಿತು. ಇಲ್ಲಿನ ಪ್ರಶ್ನೆಯೇ ಬೇರೆ: ಸತ್ತವನು ಮಾಲೀಕನ ಕೆಲಸಗಾರನೇ? ಕೆಲಸದ ನಡುವೆ, ಕೆಲಸದ ಕಾರಣಕ್ಕೆ ಸತ್ತನೇ? ಡ್ರೈವರ್ ತಪ್ಪು ಯಾರಿಗೂ ಬೇಕಿಲ್ಲ. ಸಾವಿನ ಪ್ರಕರಣದಲ್ಲಿ ಸತ್ತವನದೇ ತಪ್ಪಿದ್ದರೂ ಪರಿಹಾರ ತಪ್ಪುವುದಿಲ್ಲ.

ಮೋಟಾರು ವಾಹನ ಕಾಯ್ದೆಯಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೂ ಹೋಗಬಹುದು. ಆದರೆ ಆ ಕಾಯ್ದೆಯ 167ನೇ ಕಲಂ ಪ್ರಕಾರ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಈಗ ಆ ಹಮಾಲಿಯನ್ನು ನೋಡಿ. ಅವನು ಎರಡೂ ಕೋರ್ಟುಗಳಿಗೆ ಸಾಕ್ಷಿ. ಮ್ಯಾಜಿಸ್ಟ್ರೇಟ್ ಮುಂದೆ ಅವನನ್ನು ಕೇಳುವುದು ಲಾರಿಯ ವೇಗದ ಬಗ್ಗೆ. ಡ್ರೈವರ್ ಅವನ ಓಣಿಯವನೇ ಇರಬಹುದು. ಸೇಠ್‌ ಬಲ್ಲಿ ಅವನಿನ್ನೂ ಕೆಲಸ ಮಾಡುತ್ತಿರಬಹುದು. ‘ನಾವಿಬ್ರೂ ಗಾಡಿ ಮ್ಯಾಲ ಇದ್ವಿರಿ. ನಾ ಮಲಗಿದ್ದೆ, ಹ್ಯಾಂಗ ಆತು ಗೊತ್ತಿಲ್ರಿ’ ಎನ್ನುತ್ತಾನೆ. ಸರ್ಕಾರಿ ವಕೀಲರು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುವಂತೆ ಕೇಳುತ್ತಾರೆ. ಡ್ರೈವರ್ ಖುಲಾಸೆ.

ಪರಿಹಾರದ ಕೇಸಿನಲ್ಲಿ ಅದೇ ಹಮಾಲಿ ಬಂದು ‘ಆತ ಆ ಲಾರಿಯ ಕ್ಲೀನರ್, ನಾನು ಮಾಲಿನ ಜೊತೆ ಹೊರಟಿದ್ದೆ’ ಎನ್ನುತ್ತಾನೆ. ಹಳೆಯ ಹಾಳೆ ಹೊರಬರುವುದು ಇಲ್ಲಿಯೇ.

ಎಷ್ಟು ದುಡ್ಡಿನ ಪ್ರಶ್ನೆ?

ಕಾಯ್ದೆಯ ಲೆಕ್ಕ ಸರಳ. ಸಾವಾದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ. ಅದಕ್ಕೂ ಮುಂಚೆ 8,000 ಇತ್ತು. 30 ವರ್ಷದವನಿಗೆ ಆ ಅಂಕಿ 207.98. ವೇತನ 15,000 ಎಂದು ರುಜುವಾತಾದರೆ 7,500 × 207.98, ಅಂದರೆ 15,59,850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ. ಸಕಾರಣವಿಲ್ಲದೆ ತಡ ಮಾಡಿದ ಮಾಲೀಕನಿಗೆ ಶೇ. 50ರವರೆಗೆ ದಂಡವನ್ನೂ ಹಾಕಬಹುದು.

ಸತ್ತವನು ಪುಕ್ಕಟೆ ಸವಾರಿ ಹೊರಟಿದ್ದ ಎಂದಾದರೆ ಈ ಕಾಯ್ದೆಯಡಿ ಸಿಗುವುದು ಸೊನ್ನೆ. ಸರಕು ಲಾರಿಯ ಪುಕ್ಕಟೆ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ವಿಮಾ ಕಂಪನಿಗಳ ಮೊದಲ ಪ್ರಯತ್ನವೇ ‘ಕೆಲಸಗಾರ’ನನ್ನು ‘ಪ್ರಯಾಣಿಕ’ ಮಾಡುವುದು. ಕಾಯಕದ ಬಗ್ಗೆ ವರ್ಷವಿಡೀ ಭಾಷಣ ನಡೆಯುವ ಊರಿನಲ್ಲಿ, ಸತ್ತವನು ಸಾಯುವಾಗ ಕಾಯಕದಲ್ಲಿದ್ದ ಎಂದು ಅವನ ಹೆಂಡತಿ ರುಜುವಾತು ಮಾಡಬೇಕು.

ಕಾನೂನು ಏನು ಹೇಳುತ್ತದೆ?

1872ರ ಸಾಕ್ಷ್ಯ ಅಧಿನಿಯಮದ 145ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 148ನೇ ಕಲಂ ಆಗಿದೆ. ಹುರುಳು ಅದೇ. ಸಾಕ್ಷಿ ಹಿಂದೆ ಲಿಖಿತವಾಗಿ ಕೊಟ್ಟ, ಅಥವಾ ಹೇಳಿದ್ದನ್ನು ಬರೆದುಕೊಂಡ ಹೇಳಿಕೆಯ ಬಗ್ಗೆ ಪಾಟಿ ಸವಾಲಿನಲ್ಲಿ ಕೇಳಬಹುದು. ಆದರೆ ಆ ಬರಹದಿಂದ ಅವನನ್ನು ಸುಳ್ಳಾಗಿಸುವ ಉದ್ದೇಶವಿದ್ದರೆ, ಬರಹವನ್ನು ರುಜುವಾತು ಮಾಡುವ ಮೊದಲು ಅದರ ಯಾವ ಭಾಗವನ್ನು ಬಳಸಲಾಗುತ್ತದೋ ಆ ಭಾಗದತ್ತ ಸಾಕ್ಷಿಯ ಗಮನ ಸೆಳೆಯಲೇಬೇಕು. ಹಿಂದಿನ ಹೇಳಿಕೆ ಈಗಿನದಕ್ಕೆ ತಾಳೆಯಾಗದಿದ್ದರೆ ಅದರಿಂದ ಸಾಕ್ಷಿಯ ವಿಶ್ವಾಸಾರ್ಹತೆ ಕೆಡಿಸಬಹುದು ಎನ್ನುವುದು ಹಳೆಯ 155, ಈಗಿನ 158.

ಇದನ್ನು ಬಿಡಿಸಿ ಹೇಳಿದರೆ ಮೂರು ಮೆಟ್ಟಿಲು. ಒಂದು, ಹಳೆಯ ಕೋರ್ಟಿನಿಂದ ಸಾಕ್ಷ್ಯದ ದೃಢೀಕೃತ ನಕಲು ತರಬೇಕು. ಎರಡು, ‘ನೀವು ಹಿಂದೆ ಬೇರೆ ಹೇಳಿದ್ದೀರಿ’ ಎಂದು ಮೊಗಮ್ಮಾಗಿ ಕೇಳಿದರೆ ಸಾಲದು. ನಿರ್ದಿಷ್ಟ ವಾಕ್ಯವನ್ನು ಓದಿ ಹೇಳಿ, ‘ಇದನ್ನು ಹೇಳಿದ್ದಿರಾ?’ ಎಂದು ಕೇಳಬೇಕು. ಮೂರು, ಸಾಕ್ಷಿಗೆ ವಿವರಿಸುವ ಅವಕಾಶ ಇರಬೇಕು. ಆ ಮೇಲೆ ಮರುವಿಚಾರಣೆ ಇದೆ: ಸಾಕ್ಷಿಯನ್ನು ಕರೆತಂದ ವಕೀಲರು ಗೊಂದಲವನ್ನು ಬಿಡಿಸಲು ಕೇಳುವ ಪ್ರಶ್ನೆಗಳು. ‘ಗಾಡಿ ಮ್ಯಾಲ ಇದ್ವಿ ಅಂದ್ರ ನಿಮ್ಮ ಭಾಷಾದಾಗ ಏನ್ರಿ?’ ಎಂಬ ಒಂದು ಪ್ರಶ್ನೆ ಹದಿನೈದು ಲಕ್ಷ ಉಳಿಸಬಹುದು. ‘ಮರುವಿಚಾರಣೆ: ಇಲ್ಲ’ ಎಂದು ಬರೆಸಿ ಸುಮ್ಮನಾದರೆ ಆ ಬಾಗಿಲು ಮುಚ್ಚಿದಂತೆ.

ಟಿಳಕರ ಕೇಸಿನ ಪಾಠ

ಈ ನಿಯಮದ ಬಗ್ಗೆ ಇವತ್ತಿಗೂ ಉದ್ಧರಿಸುವ ತೀರ್ಪು ಬಾಲಗಂಗಾಧರ ಟಿಳಕರದ್ದು. ಪುಣೆಯ ತಾಯಿ ಮಹಾರಾಜ್ ದತ್ತಕ ವ್ಯಾಜ್ಯದಲ್ಲಿ ಟಿಳಕರು ಉಯಿಲಿನ ಟ್ರಸ್ಟಿ. 1901ರಲ್ಲಿ ಔರಂಗಾಬಾದಿನಲ್ಲಿ ದತ್ತಕ ನಡೆಯಿತೋ ಇಲ್ಲವೋ ಎನ್ನುವುದು ಜಗಳ. ಔರಂಗಾಬಾದ್ ಆಗ ನಿಜಾಮರ ರಾಜ್ಯದಲ್ಲಿತ್ತು, ನಮ್ಮ ಬೀದರಿನ ಹಾಗೆಯೇ. ಬಾಂಬೆ ಹೈಕೋರ್ಟ್ ಟಿಳಕರ ಕಡೆಯವರನ್ನು ನಂಬಲಿಲ್ಲ. 1915ರಲ್ಲಿ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ತಳ್ಳಿಹಾಕಿತು. ಸಾಕ್ಷಿಯ ವಿರುದ್ಧ ದಾಖಲೆ ಬಳಸುವುದಾದರೆ, ಅವನು ಕಟ್ಟೆಯಲ್ಲಿ ನಿಂತಿರುವಾಗಲೇ ಅದನ್ನು ಮುಂದಿಟ್ಟು, ವಿವರಣೆ ಕೊಡಲು ಅವಕಾಶ ಕೊಡಬೇಕು ಎಂಬುದು ಅಲ್ಲಿನ ತಿರುಳು. ಲೋಕಮಾನ್ಯರಿಗೆ ಸಿಕ್ಕ ಈ ನ್ಯಾಯ ತೊಗರಿ ಚೀಲ ಹೊರುವವನಿಗೂ ಸಲ್ಲಬೇಕು. ಪರಿಹಾರದ ವಿಚಾರಣೆ ಪೂರ್ಣ ಪ್ರಮಾಣದ ಸಿವಿಲ್ ದಾವೆಯಷ್ಟು ಬಿಗಿಯಾದದ್ದಲ್ಲ, ನಿಜ. ಆದರೆ ಕಾರ್ಯವಿಧಾನ ಸಡಿಲ ಎಂದಮಾತ್ರಕ್ಕೆ ನ್ಯಾಯವೂ ಸಡಿಲ ಆಗಲಾರದು.

ಸಾಕ್ಷಿ ಬೇರೆ, ಪಕ್ಷಕಾರ ಬೇರೆ

ಇಲ್ಲೊಂದು ಸೂಕ್ಷ್ಮ ಇದೆ. ಹಮಾಲಿಯಂಥ ಸಾಕ್ಷಿಯ ಹಳೆಯ ಹೇಳಿಕೆ ಅವನ ಈಗಿನ ಮಾತಿನ ತೂಕ ಕಡಿಮೆ ಮಾಡಬಹುದು, ಅಷ್ಟೇ. ಹಳೆಯ ಹೇಳಿಕೆಯೇ ಸತ್ಯ ಎಂದು ಅದರಿಂದ ಸಾಬೀತಾಗುವುದಿಲ್ಲ. ‘ಈ ಸಾಕ್ಷಿಯನ್ನು ನಂಬಲಾಗದು’ ಎನ್ನುವುದಕ್ಕೂ ‘ಆದ್ದರಿಂದ ಸತ್ತವನು ಪ್ರಯಾಣಿಕ’ ಎನ್ನುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಅದನ್ನು ದಾಟಲು ಬೇರೆ ಪುರಾವೆ ಬೇಕು.

ಪಕ್ಷಕಾರರ ಮಾತು ಹಾಗಲ್ಲ. ಅರ್ಜಿದಾರಳಾದ ಹೆಂಡತಿಯೋ, ಎದುರಾಳಿಯಾದ ಲಾರಿ ಮಾಲೀಕನೋ ಹಿಂದೆ ತಮಗೇ ವಿರುದ್ಧವಾಗಿ ಹೇಳಿದ್ದರೆ ಅದು ‘ಒಪ್ಪಿಗೆ’. ರುಜುವಾತಾದ ಒಪ್ಪಿಗೆ ತಾನೇ ಸಾಕ್ಷ್ಯ ಎಂದು ಸುಪ್ರೀಂ ಕೋರ್ಟ್ ಭರತ್ ಸಿಂಗ್ ವಿರುದ್ಧ ಭಾಗೀರಥಿ ಪ್ರಕರಣದಲ್ಲಿ ಹೇಳಿದೆ. ಆದರೂ ಒಪ್ಪಿಗೆಯೇ ಕೊನೆಯ ಮಾತಲ್ಲ. ಅದು ಹೇಗೆ ಬಂತು, ಯಾಕೆ ತಪ್ಪು ಎಂದು ವಿವರಿಸಬಹುದು. ಗಂಡನ ಹೆಣದ ಮುಂದೆ ಕೂತವಳ ಹೆಬ್ಬೆಟ್ಟು ಹಾಕಿಸಿಕೊಂಡ ದೂರಿನಲ್ಲಿ ‘ಊರಿಗೆ ಹೋಗಲೆಂದು ಲಾರಿ ಹತ್ತಿದ್ದನು’ ಎಂದಿದ್ದರೆ, ಆ ವಾಕ್ಯ ಯಾರದು ಎಂದು ಕೇಳುವ ಹಕ್ಕು ಅವಳಿಗಿದೆ.

ಸಾಕ್ಷಿಯನ್ನೇ ಕರೆಸದೆ ಅವನ ಹಳೆಯ ಸಾಕ್ಷ್ಯದ ನಕಲನ್ನು ಕಡತಕ್ಕೆ ಸೇರಿಸಿಬಿಟ್ಟರೆ? ಅದಕ್ಕೆ ಬೇರೆ ನಿಯಮವಿದೆ, ಹಳೆಯ 33, ಈಗಿನ 27ನೇ ಕಲಂ. ಸಾಕ್ಷಿ ಸತ್ತಿರಬೇಕು, ಸಿಗದಂತಾಗಿರಬೇಕು ಅಥವಾ ಸಾಕ್ಷ್ಯ ನುಡಿಯಲಾಗದ ಸ್ಥಿತಿಯಲ್ಲಿರಬೇಕು. ಎರಡೂ ಕೇಸಿನ ಪಕ್ಷಕಾರರು ಅವರೇ ಆಗಿರಬೇಕು. ಪಾಟಿ ಸವಾಲಿಗೆ ಅವಕಾಶ ಇದ್ದಿರಬೇಕು. ವಿವಾದದ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ ಆಗಿರಬೇಕು. ಸರ್ಕಾರ ಮತ್ತು ಡ್ರೈವರ್ ನಡುವಿನ ಕ್ರಿಮಿನಲ್ ಕೇಸು, ಹೆಂಡತಿ ಮತ್ತು ವಿಮಾ ಕಂಪನಿ ನಡುವಿನ ಪರಿಹಾರದ ಕೇಸು ಈ ಅಳತೆಗೆ ಹೊಂದುವುದು ಕಷ್ಟ.

ಪೊಲೀಸರ ಮುಂದೆ ಹೇಳಿದ್ದು?

ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಅಪರಾಧ ಪ್ರಕರಣದ ವಿಚಾರಣೆಯಲ್ಲಿ ಅದರ ಬಳಕೆಗೆ ಕಟ್ಟುನಿಟ್ಟಿನ ಮಿತಿಯಿದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 162, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 181. ಆದರೆ ಆ ಮಿತಿ ಆ ಅಪರಾಧದ ವಿಚಾರಣೆಗಷ್ಟೇ. ಬೇರೆ ನಡಾವಳಿಗಳಿಗೆ ಅನ್ವಯಿಸದು ಎಂದು ಭಾಗಲ್ಪುರದ ಕಣ್ಣು ಕೀಳಿಸಿದ ಪ್ರಕರಣಗಳಲ್ಲಿ, ಅಂದರೆ ಖತ್ರಿ ವಿರುದ್ಧ ಬಿಹಾರ ಸರ್ಕಾರ ತೀರ್ಪಿನಲ್ಲಿ, 1981ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಆ ಕಾಗದವೂ ಪರಿಹಾರದ ಕೋರ್ಟಿನಲ್ಲಿ ತಲೆ ಎತ್ತಬಹುದು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಅಪಘಾತ ಹೇಗಾಯಿತು’ ಎಂಬ ಕಾಲಂನಲ್ಲಿ ಬರೆದ ಒಂದೂವರೆ ಸಾಲೂ ಅಷ್ಟೇ.

ಸಾರಾಂಶದ ಮೇಲೆ ಸಾರಾಂಶ

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಹಳೆಯ ಸಾಕ್ಷ್ಯ ಮತ್ತು ಹೊಸ ಸಾಕ್ಷ್ಯವನ್ನು ಪದಕ್ಕೆ ಪದ ಇಟ್ಟು ಹೋಲಿಸುವಾಗ ನಾವು ಒಂದು ನಂಬಿಕೆ ಇಟ್ಟುಕೊಂಡಿರುತ್ತೇವೆ: ಎರಡೂ ಕಡೆ ಸಾಕ್ಷಿಯ ಮಾತೇ ದಾಖಲಾಗಿದೆ ಎಂದು. ಕಾನೂನನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ.

304ಎ ಅಡಿ ಗರಿಷ್ಠ ಶಿಕ್ಷೆ ಎರಡು ವರ್ಷ. ಹಾಗಾಗಿ ಅದು ‘ಸಮನ್ಸ್ ಪ್ರಕರಣ’. ಅಂಥ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ದಾಖಲಿಸಬೇಕಾದದ್ದು ಸಾಕ್ಷ್ಯದ ಸಾರಾಂಶದ ಟಿಪ್ಪಣಿಯನ್ನಷ್ಟೇ ಎಂದು ದಂಡ ಪ್ರಕ್ರಿಯಾ ಸಂಹಿತೆಯ 274ನೇ ಕಲಂ ಹೇಳುತ್ತಿತ್ತು. ದಾಖಲಾದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು ಎನ್ನುವ 278ನೇ ಕಲಂ 275, 276ರಡಿ ದಾಖಲಾದ ಸಾಕ್ಷ್ಯಕ್ಕೆ ಅನ್ವಯಿಸುತ್ತಿತ್ತು. 274ರ ಹೆಸರು ಅದರಲ್ಲಿಲ್ಲ. ಅಂದರೆ ಹಳೆಯ ಅಪಘಾತದ ಕೇಸುಗಳಲ್ಲಿ ಹಮಾಲಿಯ ಮಾತಿನ ಸಾರಾಂಶವನ್ನು ಅವನಿಗೆ ಓದಿ ಹೇಳಲೇಬೇಕೆಂಬ ಕಡ್ಡಾಯವೂ ಇರಲಿಲ್ಲ.

ಪರಿಹಾರದ ಕಡೆ ಬನ್ನಿ. 1923ರ ಕಾಯ್ದೆಯ 25ನೇ ಕಲಂ ಕೂಡ ಕಮಿಷನರ್ ಪ್ರತಿ ಸಾಕ್ಷಿಯ ಮಾತಿನ ಸಾರಾಂಶವನ್ನು ಚಿಕ್ಕದಾಗಿ ಬರೆದುಕೊಂಡರೆ ಸಾಕು ಎನ್ನುತ್ತದೆ. ಒಬ್ಬರಿಗೆ ಮಾತ್ರ ವಿನಾಯಿತಿ: ವೈದ್ಯರು. ವೈದ್ಯಕೀಯ ಸಾಕ್ಷಿ ಹೇಳಿದ್ದನ್ನು ಸಾಧ್ಯವಾದಷ್ಟೂ ಪದಶಃ ಬರೆಯಬೇಕು ಎಂದು ಅದೇ ಕಲಂ ಹೇಳುತ್ತದೆ. ಡಾಕ್ಟರ ಮಾತು ಪದಶಃ, ಹಮಾಲಿಯ ಮಾತು ಸಾರಾಂಶ. ಇನ್ನೊಬ್ಬರು ಮಾಡಿದ ಎರಡು ಸಾರಾಂಶಗಳು ತಾಳೆಯಾಗದಿದ್ದರೆ ಸುಳ್ಳುಗಾರ ಆಗುವುದು ಮಾತ್ರ ಹಮಾಲಿ!

ಇದರ ಮೇಲೆ ಭಾಷೆಯ ಪದರ. ಬಸವಕಲ್ಯಾಣ, ಹುಮನಾಬಾದಿನಲ್ಲಿ ಒಂದೇ ಲಾರಿಯಲ್ಲಿ ದಖನಿ ಮಾತಾಡುವ ಡ್ರೈವರ್, ಮರಾಠಿಯ ಕ್ಲೀನರ್, ನಮ್ಮ ಕಡೆಯ ಕನ್ನಡದ ಹಮಾಲಿ ಕೂತಿರುವುದು ವಿಶೇಷವೇನಲ್ಲ. ಕಡತದ ಭಾಷೆ ಮಾತ್ರ ಕಚೇರಿ ಕನ್ನಡ, ಕೆಲವೊಮ್ಮೆ ಇಂಗ್ಲಿಷ್. ‘ಸೇಠ್‌ ಬಲ್ಲಿ ಇರ್ತಾನ’ ಎಂದರೆ ಅವನ ಹತ್ತಿರ ಕೆಲಸಕ್ಕಿದ್ದಾನೆ ಎಂದರ್ಥ. ‘ಮಾಲೀಕರ ಮನೆಯಲ್ಲಿ ವಾಸವಾಗಿದ್ದಾನೆ’ ಎಂದು ಬರೆದರೆ ಕೆಲಸಗಾರ ಹೋಗಿ ನೆಂಟ ಆಗಿಬಿಡುತ್ತಾನೆ.

ಪಾಟಿ ಸವಾಲಿನ ಕನ್ನಡ ಇನ್ನೂ ವಿಚಿತ್ರ. ‘ನಾವು ಲಾರಿಯಲ್ಲಿ ಸುಮ್ಮನೆ ಕುಳಿತು ಹೋಗುತ್ತಿದ್ದೆವು ಎಂದರೆ ಸರಿ’ ಎಂಬ ವಾಕ್ಯ ಕಡತದಲ್ಲಿರುತ್ತದೆ. ಇದರಲ್ಲಿ ಸಾಕ್ಷಿ ಹೇಳಿದ್ದು ಎಷ್ಟು? ‘ಹೌದ್ರಿ’ ಅಷ್ಟೇ. ಮಿಕ್ಕಿದ್ದೆಲ್ಲ ವಕೀಲರ ವಾಕ್ಯ. ಎರಡು ವರ್ಷ ಕಳೆದ ಮೇಲೆ ಅದನ್ನೇ ಓದಿ ‘ಇದು ನಿಮ್ಮ ಹೇಳಿಕೆ’ ಎನ್ನುತ್ತಾರೆ. ಪ್ರಶ್ನೆ ಏನಿತ್ತು, ‘ಸುಮ್ಮನೆ’ ಅನ್ನುವ ಪದ ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳುವುದಿಲ್ಲ.

ಹೊಸ ಕಾನೂನಿನಿಂದ ಒಂದು ಲಾಭವಾಗಿದೆ. 106(1)ರ ಅಡಿ ಐದು ವರ್ಷದವರೆಗೆ ಶಿಕ್ಷೆ ಇರುವುದರಿಂದ ಇದೀಗ ‘ವಾರಂಟ್ ಪ್ರಕರಣ’. ಸಾಕ್ಷ್ಯವನ್ನು ಪೂರ್ತಿಯಾಗಿ ಬರೆಯಬೇಕು, ಓದಿ ಹೇಳಬೇಕು, ಕಡತದ ಭಾಷೆ ಸಾಕ್ಷಿಗೆ ಬಾರದಿದ್ದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆರೋಪಿಯ ವಕೀಲರ ಸಮಕ್ಷಮ ಆಡಿಯೋ-ವಿಡಿಯೋ ದಾಖಲಿಸಲೂ ಅವಕಾಶವಿದೆ. ಕಾನೂನಿನಲ್ಲಿರುವುದು ತಾಲ್ಲೂಕು ಕೋರ್ಟಿನಲ್ಲಿ ನಡೆಯುತ್ತದೆಯೇ ಎಂದು ನೋಡಬೇಕಾದವರು ವಕೀಲರ ಸಂಘಗಳು, ಕಾರ್ಮಿಕ ಸಂಘಟನೆಗಳು, ನಾವು.

ಎಲ್ಲ ವ್ಯತ್ಯಾಸವೂ ವಿರೋಧವಲ್ಲ

ಹಮಾಲಿ ಕ್ರಿಮಿನಲ್ ಕೋರ್ಟಿನಲ್ಲಿ ‘ಹ್ಯಾಂಗ ಆತು ಗೊತ್ತಿಲ್ಲ’ ಎಂದ. ಪರಿಹಾರದ ಕೋರ್ಟಿನಲ್ಲಿ ‘ಡ್ರೈವರ್ ಜೋರಾಗಿ ಓಡಿಸುತ್ತಿದ್ದ’ ಎಂದ ಅಂತಿಟ್ಟುಕೊಳ್ಳಿ. ವಿರೋಧವೇನೋ ಇದೆ. ಆದರೆ ಪರಿಹಾರ ಕಾಯ್ದೆಗೆ ಡ್ರೈವರ್ ತಪ್ಪೇ ಬೇಕಿಲ್ಲದಿರುವಾಗ ಆ ವಿರೋಧ ಮೂಲ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಡ್ರೈವರ್ ಖುಲಾಸೆಯಾದ ಎನ್ನುವುದೂ ಅಷ್ಟೇ. ಕ್ರಿಮಿನಲ್ ಕೇಸಿಗೆ ಬೇಕಾದ ಪುರಾವೆಯ ಮಟ್ಟ ಬೇರೆ, ಪರಿಹಾರದ ಕೇಸಿನದು ಬೇರೆ ಎಂದು 1980ರ ಎನ್‌.ಕೆ.ವಿ. ಬ್ರದರ್ಸ್ ತೀರ್ಪು ಮೋಟಾರು ಅಪಘಾತದ ಸಂದರ್ಭದಲ್ಲೇ ಹೇಳಿದೆ.

ಇನ್ನೊಂದು, ಹೇಳದೆ ಬಿಟ್ಟದ್ದು. ‘ಸತ್ತವನು ಕ್ಲೀನರ್ ಎಂದು ಹಿಂದಿನ ಕೋರ್ಟಿನಲ್ಲಿ ಹೇಳಿಯೇ ಇಲ್ಲವಲ್ಲ?’ ಅಲ್ಲಿ ಯಾರು ಕೇಳಿದ್ದರು? ಡ್ರೈವರ್ ನಿರ್ಲಕ್ಷ್ಯದ ವಿಚಾರಣೆಯಲ್ಲಿ ಸತ್ತವನ ಸಂಬಳ, ನೌಕರಿ ಯಾರಿಗೂ ಬೇಕಿರುವುದಿಲ್ಲ. ಬಿಟ್ಟದ್ದೆಲ್ಲ ವಿರೋಧವಾಗದು, ಎರಡು ಮಾತು ಒಟ್ಟಿಗೆ ನಿಲ್ಲಲು ಸಾಧ್ಯವೇ ಇಲ್ಲದಂತಿದ್ದರೆ ಮಾತ್ರ ವಿರೋಧ ಎಂಬ ವಿವೇಕ 1959ರ ತಹಸೀಲ್ದಾರ್ ಸಿಂಗ್ ತೀರ್ಪಿನಿಂದಲೇ ನಮ್ಮ ಕಾನೂನಿನಲ್ಲಿದೆ.

ಕಾರ್ಮಿಕರ ಕೈಗೂ ಸಿಗುವ ಅಸ್ತ್ರ

ಹಳೆಯ ಹೇಳಿಕೆ ಬರೀ ವಿಮಾ ಕಂಪನಿಯ ಸ್ವತ್ತಲ್ಲ. ಅಪಘಾತವಾದ ಮೇಲೆ ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಪೊಲೀಸರು ಕೇಳಿದಾಗ ಮಾಲೀಕ ತನ್ನ ಗಾಡಿಯ ಡ್ರೈವರ್ ಯಾರು ಎಂದು ತಿಳಿಸಬೇಕು. ಜಪ್ತಿಯಾದ ಲಾರಿ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕುವಾಗಲೂ ಏನೋ ಬರೆದಿರುತ್ತಾನೆ. ಕ್ರಿಮಿನಲ್ ಕೋರ್ಟಿನಲ್ಲಿ ಸಾಕ್ಷಿಯಾಗಿ ‘ನನ್ನ ಗಾಡಿ ಮೇಲೆ ಇಂಥವರಿದ್ದರು’ ಎಂದಿರಬಹುದು. ಆಮೇಲೆ ಪರಿಹಾರದ ಕೇಸಿನಲ್ಲಿ ‘ಆತ ಯಾರೋ ಗೊತ್ತಿಲ್ಲ’ ಎಂದರೆ ಅದೇ 145, ಅದೇ 148 ಅವನ ಮುಂದೆ ಹಿಡಿಯಬಹುದು. ಮಾಲೀಕ ಪಕ್ಷಕಾರನಾದ್ದರಿಂದ ಅದು ‘ಒಪ್ಪಿಗೆ’ಯೂ ಆಗುತ್ತದೆ.

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಠೇಕೇದಾರರ ಮೂಲಕ ದುಡಿಯುವವರಿಗೂ ಇದು ಗೊತ್ತಿರಲಿ. ‘ಅವ ನಮ್ಮವನಲ್ಲ, ಠೇಕೇದಾರನವನು’ ಎಂದು ಕಂಪನಿ ಕೈತೊಳೆದುಕೊಳ್ಳಲಾಗದು. ಕಂಪನಿಯ ವ್ಯವಹಾರದ ಭಾಗವಾದ ಕೆಲಸದಲ್ಲಿ ಅಪಘಾತವಾದರೆ ಮುಖ್ಯ ಮಾಲೀಕ ಪರಿಹಾರ ಕೊಟ್ಟು, ಆಮೇಲೆ ಠೇಕೇದಾರನಿಂದ ವಸೂಲಿ ಮಾಡಿಕೊಳ್ಳಬೇಕು ಎನ್ನುತ್ತದೆ 12ನೇ ಕಲಂ. ಇಎಸ್‌ಐ ವಿಮೆ ಇರುವವರ ದಾರಿ ಮಾತ್ರ ಬೇರೆ. ಅವರಿಗೆ ಆ ಕಾಯ್ದೆಯಡಿಯೇ ಸೌಲಭ್ಯ.

ತಾಲ್ಲೂಕು ಕೋರ್ಟಿನಲ್ಲೇ ಮುಗಿಯುವ ಕಥೆ

‘ಇಲ್ಲಿ ಸೋತರೆ ಕಲಬುರಗಿ ಪೀಠಕ್ಕೆ ಹೋದರಾಯ್ತು’ ಎನ್ನುವ ಧೈರ್ಯ ಈ ಕೇಸುಗಳಲ್ಲಿ ನಡೆಯುವುದಿಲ್ಲ. 30ನೇ ಕಲಂ ಪ್ರಕಾರ ಹೈಕೋರ್ಟಿಗೆ ಮೇಲ್ಮನವಿ ಹೋಗಲು ಗಣನೀಯವಾದ ಕಾನೂನಿನ ಪ್ರಶ್ನೆ ಇರಬೇಕು. ಕರ್ನಾಟಕದಿಂದಲೇ ಹೋದ ಗೊಲ್ಲ ರಾಜಣ್ಣ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ವಾಸ್ತವಾಂಶಗಳ ಮಟ್ಟಿಗೆ ಕಮಿಷನರೇ ಕೊನೆಯ ಪ್ರಾಧಿಕಾರ ಎಂದು ಸ್ಪಷ್ಟವಾಗಿ ಹೇಳಿತು. ನಮ್ಮ ಭಾಗದ ಸಾರಿಗೆ ಸಂಸ್ಥೆಯೇ ಪಕ್ಷಕಾರನಾಗಿದ್ದ, ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ ವಿರುದ್ಧ ಸುಜಾತಾ ಪ್ರಕರಣದ 2018ರ ತೀರ್ಪು ಆ ಪಟ್ಟಿಯನ್ನೇ ಕೊಡುತ್ತದೆ: ಅಪಘಾತ ಆಯಿತೇ, ಕೆಲಸದ ನಡುವೆ ಆಯಿತೇ, ಮಾಲೀಕ-ನೌಕರ ಸಂಬಂಧ ಇತ್ತೇ, ವಯಸ್ಸೆಷ್ಟು, ವೇತನವೆಷ್ಟು ಎಂಬುವೆಲ್ಲ ವಾಸ್ತವದ ಪ್ರಶ್ನೆಗಳು.

ಸಾಕ್ಷಿಯನ್ನು ನಂಬಬೇಕೋ ಬೇಡವೋ ಎನ್ನುವುದೂ ವಾಸ್ತವದ ಪ್ರಶ್ನೆಯೇ. ಬಸವಕಲ್ಯಾಣದ ಕೋರ್ಟಿನಲ್ಲಿ ಒಂದು ಮಧ್ಯಾಹ್ನ ಹತ್ತು ನಿಮಿಷ ನಡೆಯುವ ಪಾಟಿ ಸವಾಲು ಹೆಚ್ಚುಕಮ್ಮಿ ಕೊನೆಯ ತೀರ್ಮಾನ.

ಹಾಗಾದರೆ ಸುಳ್ಳು ಕ್ಲೇಮುಗಳೇ ಇಲ್ಲವಾ?

ಇವೆ. ಅಪಘಾತದಲ್ಲಿ ಇಲ್ಲದ ಗಾಡಿಯನ್ನು ಸೇರಿಸುವುದು, ನೆಂಟನನ್ನು ಕ್ಲೀನರ್ ಮಾಡುವುದು, ದುಡ್ಡು ಕೊಡುವುದು ಹೇಗೂ ವಿಮಾ ಕಂಪನಿ ಎಂದು ಮಾಲೀಕನೂ ‘ಹೌದು, ನನ್ನ ಕೆಲಸಗಾರ’ ಎನ್ನುವುದು, ಇವೆಲ್ಲ ನಡೆಯುತ್ತವೆ. ಉತ್ತರ ಪ್ರದೇಶದಲ್ಲಿ ಇಂಥ ಕ್ಲೇಮುಗಳ ತನಿಖೆಗೆ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಲು ಹೇಳಬೇಕಾಯಿತು. ಮೋಸ ಹಿಡಿಯಲು ಹಳೆಯ ಸಾಕ್ಷ್ಯದಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ.

ಆದರೆ ಮೋಸ ಹಿಡಿಯುವುದಕ್ಕೂ ಕಟ್ಟಳೆ ಪಾಲಿಸುವುದಕ್ಕೂ ಜಗಳವಿಲ್ಲ. ನಿರ್ದಿಷ್ಟ ವಾಕ್ಯ ತೋರಿಸಿ, ವಿವರಣೆ ಕೇಳಿದಾಗ ನಿಜವಾದ ಸಾಕ್ಷಿ ವಿವರಿಸುತ್ತಾನೆ, ಸುಳ್ಳು ಸಾಕ್ಷಿ ಇನ್ನಷ್ಟು ಸಿಕ್ಕಿಬೀಳುತ್ತಾನೆ. ಕಟ್ಟಳೆ ಬಿಟ್ಟಾಗ ಇಬ್ಬರೂ ಒಂದೇ ತಕ್ಕಡಿಗೆ ಬೀಳುತ್ತಾರೆ.

ನೀವು ಮಾಡಬಹುದಾದದ್ದು

ಪೊಲೀಸ್ ದೂರು ಬರೆಸುವಾಗಲೇ ಸತ್ತವರ ಅಥವಾ ಗಾಯಗೊಂಡವರ ಕೆಲಸ, ಮಾಲೀಕನ ಹೆಸರು, ಸಂಬಳವನ್ನು ಸ್ಪಷ್ಟವಾಗಿ ಹೇಳಿ. ಓದಿಸಿಕೊಳ್ಳದೆ ಸಹಿ, ಹೆಬ್ಬೆಟ್ಟು ಬೇಡ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು.

ಕ್ರಿಮಿನಲ್ ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ‘ನನಗೆ ಓದಿ ಹೇಳ್ರಿ’ ಎಂದು ಕೇಳಲು ಅಂಜಬೇಕಿಲ್ಲ. ತಪ್ಪು ಬರೆದಿದ್ದರೆ ಅಲ್ಲೇ ಹೇಳಿ.

ಪರಿಹಾರದ ಕೇಸಿನಲ್ಲಿ ಕಟ್ಟೆ ಹತ್ತುವ ಮೊದಲು ಹಿಂದಿನ ಸಾಕ್ಷ್ಯದ ದೃಢೀಕೃತ ನಕಲನ್ನು ನಿಮ್ಮ ಕಡೆಯ ವಕೀಲರೇ ತರಿಸಿ ಓದಿರಬೇಕು. ಅವರು ಓದಿಲ್ಲವಾದರೆ ಎದುರಿನವರು ಖಂಡಿತ ಓದಿರುತ್ತಾರೆ. ವ್ಯತ್ಯಾಸವಿದ್ದರೆ ಮುಚ್ಚಿಡಬೇಡಿ, ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲೇ ಕಾರಣ ಬರೆಸಿ. ಮರುವಿಚಾರಣೆ ಬೇಕೆಂದು ಕೇಳಿ.

ಒಬ್ಬ ಸಾಕ್ಷಿಯ ಮೇಲೆ ಇಡೀ ಕೇಸು ನಿಲ್ಲಿಸಬೇಡಿ. ಮಾಲು ತುಂಬಿದ ಚಲನ್, ಕಾರ್ಖಾನೆ ಗೇಟಿನ ಪಾಸು, ಫೋನ್‌ಪೇಯಲ್ಲಿ ಬಂದ ಸಂಬಳ, ಸೇಠ್‌ ಕಳಿಸಿದ ವಾಟ್ಸ್‌ಆಪ್ ಸಂದೇಶ, ಎಲ್ಲ ಕೂಡಿಡಿ. ಕಾಗದ ಸೇಠ್‌ನ ಮುಖ ನೋಡಿ ಮಾತು ಬದಲಿಸುವುದಿಲ್ಲ.

1923ರ ಕಾಯ್ದೆಯಡಿ ಅರ್ಜಿಗೆ ಗಡುವು ಎರಡು ವರ್ಷ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಕಮಿಷನರ್ ಜಾಗದಲ್ಲಿ ‘ಸಕ್ಷಮ ಪ್ರಾಧಿಕಾರ’ ಎಂಬ ಹೆಸರು ಬಂದಿದೆ. ನಿಮ್ಮ ಪ್ರಕರಣಕ್ಕೆ ಯಾವುದು ಅನ್ವಯ ಎಂದು ಮೊದಲೇ ಕೇಳಿಕೊಳ್ಳಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೈಬಿಡಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ಕೊನೆಗೆ ಒಂದು ಬೇಡಿಕೆ. ನ್ಯಾಯಾಂಗದ ಡಿಜಿಟಲೀಕರಣದ ಬಗ್ಗೆ ದೊಡ್ಡ ಮಾತು ನಡೆಯುತ್ತಿರುವ ಕಾಲ ಇದು. ಸಾಕ್ಷಿಯ ಮಾತನ್ನು ಅವನ ದನಿಯಲ್ಲೇ ದಾಖಲಿಸಿ ಇಡುವುದು ಈಗ ಕಷ್ಟದ ಕೆಲಸವಲ್ಲ. ಅಲ್ಲಿಯವರೆಗೂ, ವಿವಾದಕ್ಕೆ ಕಾರಣವಾಗಬಹುದಾದ ಪದವನ್ನಾದರೂ ಸಾಕ್ಷಿ ಹೇಳಿದ ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಬರೆದುಕೊಳ್ಳಿ ಎಂದು ಪ್ರತಿ ವಕೀಲರೂ ಕೇಳಬಹುದು, ಪ್ರತಿ ನ್ಯಾಯಾಧೀಶರೂ ಒಪ್ಪಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಬಜೆಟ್ ಬೇಡ. ಸಾಕ್ಷಿ ಸುಳ್ಳು ಹೇಳಿದನೋ ಇಲ್ಲವೋ ಎಂದು ತೀರ್ಮಾನಿಸುವ ಮೊದಲು ಅವನು ಏನು ಹೇಳಿದ ಎಂದು ನಮಗೆ ಗೊತ್ತಿರಬೇಕು.